ರಾಷ್ಟ್ರದ ಲೆಕ್ಕ ಬರೆದ ಡಾ. ವಿ. ಕೆ. ಆರ್. ವಿ. ರಾವ್

ಅರ್ಥಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡ ನಮಗೆಲ್ಲ ಡಾ. ವಿ. ಕೆ. ಆರ್. ವಿ. ರಾವ್ ಎಂಬ ಹೆಸರು ಅಪರಿಚಿತವಾದುದೇನೂ ಅಲ್ಲ. ರಾಷ್ಟ್ರೀಯ ವರಮಾನದ ಅಧ್ಯಾಯದಲ್ಲಿ ದಾದಾಭಾಯಿ ನವರೋಜಿಯವರ ಹೆಸರಿನ ಕೆಳಗೆ ಅವರ ಹೆಸರು, ಹೆಸರಿನ ಮುಂದೆ 1931-32 ಎಂಬ ಇಸವಿ, ಇಸವಿಯ ಮುಂದೆ 62 ರೂಪಾಯಿ ಎಂಬ ಅಂಕಿ ಅಚ್ಚಾಗಿರುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ 62 ರೂಪಾಯಿಯ ಹಿಂದೆ ಎಂಥ ದುಡಿಮೆ ಇತ್ತು, ಅದನ್ನು ಕಂಡುಹಿಡಿದ ಮನುಷ್ಯರು ತಮ್ಮ ಆಯುಷ್ಯದ ಬಹುಭಾಗವನ್ನು ಅಂಥ ಲೆಕ್ಕ ಮಾಡಬಲ್ಲ ಇತರರನ್ನು ತಯಾರು ಮಾಡುವುದರಲ್ಲಿಯೇ ಏಕೆ ಕಳೆದರು ಎಂಬುದು ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ. ಅದನ್ನು ನನಗೆ ತಿಳಿದ ಮಟ್ಟಿಗೆ ನನ್ನ ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್ ಎಂಬುದು ಅವರ ಪೂರ್ಣ ನಾಮಧೇಯ. ಅವರು ಜನಿಸಿದ್ದು 1908ನೆಯ ಇಸವಿ ಜುಲೈ 8ರಂದು, ಕಾಂಚೀಪುರದಲ್ಲಿ. ಬೊಂಬಾಯಿ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನು ವ್ಯಾಸಂಗ ಮಾಡಿ, ಇನ್ನೂ ಇಪ್ಪತ್ತಮೂರರ ಹರೆಯದಲ್ಲಿರುವಾಗಲೇ, 1931ರಲ್ಲಿ, ಭಾರತದ ವರಮಾನ ತೆರಿಗೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ವರಮಾನದ ಮೇಲೆ ತೆರಿಗೆ ಹೇಗೆ ಹಾಕಬೇಕೆಂದು ಆಲೋಚಿಸಿದವರಿಗೆ ಈ ದೇಶದ ಜನರ ವರಮಾನವಾದರೂ ಎಷ್ಟು ಎಂಬ ಪ್ರಶ್ನೆ ಏಳುವುದು ಸಹಜವೇ. ಆ ಪ್ರಶ್ನೆಯನ್ನು ಹೊತ್ತು ಅವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಹೋದರು.

ಅವರು ಹೋದ ಕಾಲವೂ ವಿಶೇಷವಾದದ್ದು. 1929ರಲ್ಲಿ ತಲೆದೋರಿದ ಮಹಾ ಆರ್ಥಿಕ ಮುಗ್ಗಟ್ಟಿನಿಂದ ದೊಡ್ಡ ದೊಡ್ಡ ರಾಷ್ಟ್ರಗಳೇ ತತ್ತರಿಸಿದ್ದವು. ಕಾರ್ಖಾನೆಗಳು ಮುಚ್ಚಿದವು, ಕೂಲಿ ನಿಂತಿತು. ಆದರೆ ದೇಶಕ್ಕೆ ಒಟ್ಟಿನಲ್ಲಿ ಎಷ್ಟು ನಷ್ಟವಾಯಿತೆಂದು ಹೇಳಬಲ್ಲ ಲೆಕ್ಕ ಯಾವ ಸರ್ಕಾರದ ಬಳಿಯಲ್ಲಿಯೂ ಸರಿಯಾಗಿರಲಿಲ್ಲ. ಅಮೆರಿಕದಲ್ಲಿ ಸೈಮನ್ ಕುಜ್ನೆಟ್ಸ್ ಅವರು 1934ರಲ್ಲಿ ಆ ದೇಶದ ವರಮಾನದ ವರದಿಯನ್ನು ಒಪ್ಪಿಸಿದರು. ಕೇಂಬ್ರಿಜ್‌ನಲ್ಲಿ ಕಾಲಿನ್ ಕ್ಲಾರ್ಕ್ ಅವರು ಇಂಗ್ಲೆಂಡಿನ ಲೆಕ್ಕ ಹಾಕುತ್ತಿದ್ದರು. ಅಲ್ಲಿಯೇ ಕೇನ್ಸ್ ಅವರು 1936ರಲ್ಲಿ ತಮ್ಮ ಸುಪ್ರಸಿದ್ಧ ಗ್ರಂಥವನ್ನು ಹೊರತಂದರು. ಅರ್ಥಶಾಸ್ತ್ರದ ಸಿದ್ಧಾಂತವನ್ನು ಗಣಿತದಲ್ಲಿ ಬರೆದು, ಸಂಖ್ಯಾಶಾಸ್ತ್ರದಿಂದ ಪರೀಕ್ಷಿಸುವ ಇಕನಾಮೆಟ್ರಿಕ್ಸ್ ಎಂಬ ಹೊಸ ಶಾಸ್ತ್ರಕ್ಕೆ 1930ರಲ್ಲಿ ಒಂದು ಅಂತರರಾಷ್ಟ್ರೀಯ ಸಂಘವೂ ಹುಟ್ಟಿಕೊಂಡಿತ್ತು. ಕನ್ನಡದಲ್ಲಿ ಇದನ್ನು ಅರ್ಥಮಿತಿ ಎಂದು ಕರೆಯಬಹುದು. ಹೀಗೆ ಅಳತೆಯ ವಿದ್ಯೆ ಹೊಸದಾಗಿ ಚಿಗುರುತ್ತಿದ್ದಾಗ ರಾಯರು ಅದೇ ಅಳತೆಗೋಲನ್ನು ಭಾರತಕ್ಕೆ ಹಿಡಿಯುವ ಸಾಹಸಕ್ಕೆ ಕೈಹಾಕಿದರು. ಆ ಸಂಶೋಧನೆಗೆ 1937ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ದೊರೆಯಿತು.

ಸಾಹಸವೆಂದು ನಾನು ಹೇಳಿದ್ದು ಅಲಂಕಾರಕ್ಕಲ್ಲ. ಇಂಗ್ಲೆಂಡಿನಲ್ಲಿ ಕಾರ್ಖಾನೆಗೆ ಲೆಕ್ಕದ ಪುಸ್ತಕವಿತ್ತು. ಕೆಲಸಗಾರನಿಗೆ ವಾರಕ್ಕಿಷ್ಟು ಎಂಬ ಸಂಬಳವಿತ್ತು. ನಮ್ಮ ದೇಶದ ಬಹುಪಾಲು ಮನೆಗಳಲ್ಲಿ ಸಂಬಳವೂ ಇಲ್ಲ, ಪುಸ್ತಕವೂ ಇಲ್ಲ. ಬೆಳೆದದ್ದರಲ್ಲಿ ಒಂದು ಪಾಲು ಉಣ್ಣುವುದಕ್ಕೆ, ಒಂದು ಪಾಲು ಬಿತ್ತನೆಗೆ, ಒಂದು ಪಾಲು ಆಯಗಾರರಿಗೆ, ಉಳಿದರೆ ಸಂತೆಗೆ. ಸರ್ಕಾರದ ಬೆಳೆಯ ಅಂಕಿಗಳಾದರೂ ಹೇಗೆ ಬರುತ್ತಿದ್ದವು? ಊರಿನ ಲೆಕ್ಕ ಬರೆಯುವವರು ಪೈರನ್ನು ಕಣ್ಣಳತೆಯಲ್ಲಿ ನೋಡಿ ಈ ಸಲ ಹನ್ನೆರಡಾಣೆ ಬೆಳೆ, ಈ ಸಲ ಎಂಟಾಣೆ ಬೆಳೆ ಎಂದು ಬರೆಯುತ್ತಿದ್ದರು. ಹದಿನಾರಾಣೆ ಬೆಳೆಯೆಂದರೆ ಎಷ್ಟು ಎಂದು ಮೊದಲೇ ಗೊತ್ತುಮಾಡಿದ್ದ ಇಳುವರಿಯಿಂದ ಅದನ್ನು ಗುಣಿಸಿದರೆ ತಾಲ್ಲೂಕಿನ ಲೆಕ್ಕ, ಅದನ್ನೆಲ್ಲ ಕೂಡಿಸಿದರೆ ಪ್ರಾಂತ್ಯದ ಲೆಕ್ಕ. ಆಣೆವಾರಿ ಎಂಬ ಈ ಪದ್ಧತಿಯ ಹೆಸರನ್ನು ನಮ್ಮ ಹಿರಿಯರು ಈಗಲೂ ಮರೆತಿಲ್ಲ.

ರಾಯರು ಈ ಅಂಕಿಗಳನ್ನು ಹಾಗೆಯೇ ನಂಬಲೂ ಇಲ್ಲ, ಇವು ಕೆಲಸಕ್ಕೆ ಬಾರವೆಂದು ಎಸೆಯಲೂ ಇಲ್ಲ. ಅವರು ಎರಡು ದಾರಿಗಳನ್ನು ಒಟ್ಟಿಗೆ ಹಿಡಿದರು. ಬೇಸಾಯ, ದನಕರು, ಗಣಿ ಮೊದಲಾದವುಗಳಲ್ಲಿ ಉತ್ಪನ್ನವಾದದ್ದು ಎಷ್ಟು, ಅದರ ಬೆಲೆಯೆಷ್ಟು ಎಂದು ನೋಡಿ, ಅದರಲ್ಲಿ ತಗಲಿದ ಖರ್ಚನ್ನು ಕಳೆದರು. ವ್ಯಾಪಾರ, ಸಾಗಾಟ, ನೌಕರಿ, ಮನೆಗೆಲಸ, ವಕೀಲಿ ಮೊದಲಾದ ಕಸುಬುಗಳಲ್ಲಿ ಉತ್ಪನ್ನವನ್ನು ಅಳೆಯುವಂತಿಲ್ಲವಾದ್ದರಿಂದ, ಆ ಕಸುಬಿನಲ್ಲಿ ಎಷ್ಟು ಜನರಿದ್ದಾರೆಂದು ಜನಗಣತಿಯಿಂದ ತಿಳಿದು, ತಲೆಗೆ ಎಷ್ಟು ಗಳಿಕೆಯೆಂದು ಅಂದಾಜು ಮಾಡಿ ಗುಣಿಸಿದರು. ಎರಡನ್ನೂ ಕೂಡಿಸಿ 1931-32ರ ಬ್ರಿಟಿಷ್ ಇಂಡಿಯಾದ ಒಟ್ಟು ವರಮಾನ ಸುಮಾರು 1,689 ಕೋಟಿ ರೂಪಾಯಿ, ತಲೆಗೆ ವರ್ಷಕ್ಕೆ 62 ರೂಪಾಯಿ ಎಂದು ಕಂಡುಕೊಂಡರು. ಅಂದರೆ ತಿಂಗಳಿಗೆ ಐದು ರೂಪಾಯಿ ಚಿಲ್ಲರೆ. ಇದಕ್ಕೆ ಮೊದಲು 1925ರಿಂದ 1929ರವರೆಗಿನ ಕಾಲಕ್ಕೆ ಅವರು ಕಟ್ಟಿದ್ದ ಲೆಕ್ಕ ತಲೆಗೆ 76 ರೂಪಾಯಿ. ಒಂದು ಲೆಕ್ಕ 1939ರಲ್ಲಿಯೂ ಇನ್ನೊಂದು 1940ರಲ್ಲಿಯೂ ಪುಸ್ತಕವಾಗಿ ಹೊರಬಂದವು. ಬೆಲೆಗಳು ಬಿದ್ದುಹೋಗಿದ್ದ ಕಾಲವಾದ್ದರಿಂದ ಈ ಎರಡು ಅಂಕಿಗಳನ್ನು ಹಾಗೆಯೇ ಪಕ್ಕಪಕ್ಕ ಇಟ್ಟು ಬಡತನ ಇಷ್ಟು ಹೆಚ್ಚಿತೆಂದು ಹೇಳಬಾರದು. ರೂಪಾಯಿಯೇ ಅಷ್ಟರಲ್ಲಿ ಬೇರೆಯಾಗಿತ್ತು. ರಾಯರು ಇಷ್ಟಕ್ಕೇ ನಿಲ್ಲದೆ ಹಳ್ಳಿಗಾಡಿನ ವರಮಾನವನ್ನೂ ಪಟ್ಟಣಗಳ ವರಮಾನವನ್ನೂ ಬೇರೆಬೇರೆಯಾಗಿ ತೋರಿಸಿದರು. ಎಲ್ಲಕ್ಕಿಂತ ಮಿಗಿಲಾಗಿ, ತಮ್ಮ ಲೆಕ್ಕ ಎಷ್ಟರ ಮಟ್ಟಿಗೆ ಆಚೀಚೆ ಆಗಿರಬಹುದೆಂಬುದನ್ನೂ ಲೆಕ್ಕದ ಜೊತೆಯಲ್ಲಿಯೇ ಕೊಟ್ಟರು. ಅಂದಾಜನ್ನು ಅಂದಾಜೆಂದೇ ಹೇಳುವ ಈ ಪ್ರಾಮಾಣಿಕತೆ ಅರ್ಥಮಿತಿಯ ಮೊದಲ ಪಾಠ.

ನವರೋಜಿಯವರು 1867-68ಕ್ಕೆ ತಲೆಗೆ 20 ರೂಪಾಯಿ ಎಂದು ಹೇಳಿದ್ದು ಪರರ ಆಳ್ವಿಕೆಯಲ್ಲಿ ದೇಶ ಬಡವಾಯಿತೆಂದು ತೋರಿಸುವುದಕ್ಕಾಗಿ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಗ್ರಂಥ ಬರೆದು, ಹತ್ತು ವರ್ಷಗಳಲ್ಲಿ ದೇಶದ ವರಮಾನವನ್ನು ಇಮ್ಮಡಿ ಮಾಡಬೇಕೆಂಬ ಗುರಿಯನ್ನು ಮುಂದಿಟ್ಟರು. ಆದರೆ ಯಾವುದನ್ನು ಇಮ್ಮಡಿ ಮಾಡಬೇಕೋ ಅದು ಈಗ ಎಷ್ಟಿದೆ ಎಂದು ಗೊತ್ತಿಲ್ಲದಿದ್ದರೆ ಇಮ್ಮಡಿಯಾಯಿತೆಂದು ತಿಳಿಯುವುದು ಹೇಗೆ? ಆ ಅಳತೆಗೋಲನ್ನು ಶಾಸ್ತ್ರೀಯವಾಗಿ ಮಾಡಿಕೊಟ್ಟವರಲ್ಲಿ ರಾಯರು ಅಗ್ರಗಣ್ಯರು.

ಇಲ್ಲಿ ನನ್ನ ಅನುಭವದ ಒಂದು ಮಾತನ್ನು ಹೇಳಲು ಓದುಗರ ಅನುಮತಿ ಬೇಡುತ್ತೇನೆ. ನಾನು ಜಗಳೂರು ತಾಲ್ಲೂಕಿನ ಹಳ್ಳಿಯವನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ ಆದಾಯ ಪ್ರಮಾಣ ಪತ್ರ ಲಗತ್ತಿಸಬೇಕಾದಾಗಲೆಲ್ಲ ಅಪ್ಪನ ಮುಖದಲ್ಲಿ ಒಂದು ಗೊಂದಲ ಕಾಣುತ್ತದೆ. ವರ್ಷದ ಆದಾಯ ಎಷ್ಟೆಂದು ಕೇಳಿದರೆ ಅವರು ಮಳೆಯ ಮಾತಾಡುತ್ತಾರೆ. ಅದು ತಪ್ಪಿಸಿಕೊಳ್ಳುವ ಮಾತಲ್ಲ; ನಮ್ಮ ಮಳೆಯಾಶ್ರಿತ ಹೊಲದ ಮಟ್ಟಿಗೆ ಅದೇ ಸರಿಯಾದ ಉತ್ತರ.

ಕಳೆದ ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ನಾವು ಕೆಲವರು ಮನೆಮನೆಗೆ ಹೋಗಿ ಸಮೀಕ್ಷೆಯ ನಮೂನೆ ತುಂಬಿಸಬೇಕಾಯಿತು. ಒಂದು ಮನೆಯ ಜಗುಲಿಯಲ್ಲಿ ಕುಳಿತಿದ್ದ ಅಜ್ಜಿ ನಮ್ಮ ಪ್ರಶ್ನೆಗೆ, ನಮಗೆಲ್ಲಿಯ ಆದಾಯಪ್ಪ ಎಂದು ನಕ್ಕುಬಿಟ್ಟರು. ನಮ್ಮ ಅಧ್ಯಾಪಕರು ಮೊದಲೇ ಹೇಳಿಕೊಟ್ಟಿದ್ದಂತೆ ನಾವು ಆದಾಯವೆಂಬ ಮಾತನ್ನೇ ಬಿಟ್ಟು ಒಂದೊಂದನ್ನೇ ಕೇಳುತ್ತ ಹೋದೆವು. ಮೆಕ್ಕೆಜೋಳ ಎಷ್ಟು ಚೀಲ ಆಯಿತು, ಮನೆಗೆಂದು ಇಟ್ಟುಕೊಂಡ ರಾಗಿ ಎಷ್ಟು, ಎಮ್ಮೆಯ ಹಾಲು ಡೈರಿಗೆ ಎಷ್ಟು ಹೋಗುತ್ತದೆ, ಮನೆಗೆ ಎಷ್ಟು ಉಳಿಯುತ್ತದೆ, ಸೊಸೆ ಕೂಲಿಗೆ ಹೋದ ದಿನಗಳೆಷ್ಟು, ಹಬ್ಬಕ್ಕೆ ಮಾರಿದ ಆಡುಗಳೆಷ್ಟು, ಹುಣಸೆ ಬಡಿದು ಬಂದದ್ದೆಷ್ಟು. ಗಂಟೆಯೊಳಗೆ ಆ ಮನೆಯ ಲೆಕ್ಕ ಅಜ್ಜಿಯ ಬಾಯಿಂದಲೇ ಪೂರ್ತಿಯಾಗಿ ಹೊರಬಂತು. ಇಷ್ಟೆಲ್ಲ ಇದೆಯೇ ಎಂದು ಅವರಿಗೇ ಆಶ್ಚರ್ಯ. ಉತ್ಪನ್ನದ ದಾರಿ, ಗಳಿಕೆಯ ದಾರಿ ಎಂದು ಪುಸ್ತಕದಲ್ಲಿ ಓದಿದ್ದು ಅಂದು ನನಗೆ ಜಗುಲಿಯ ಮೇಲೆ ಅರ್ಥವಾಯಿತು. ಆ ಸಂಜೆಯಿಂದ ರಾಯರ ಜೀವನವನ್ನು ತಿಳಿಯಬೇಕೆಂಬ ಕುತೂಹಲ ನನ್ನಲ್ಲಿ ಹುಟ್ಟಿತು.

ಕೇಂಬ್ರಿಜ್‌ನಿಂದ ಮರಳಿದ ರಾಯರು ಅಹಮದಾಬಾದಿನ ಕಲಾ ಕಾಲೇಜೊಂದರ ಪ್ರಿನ್ಸಿಪಾಲರಾಗಿದ್ದು, 1942ರಲ್ಲಿ ದೆಹಲಿ ವಿಶ್ವವಿದ್ಯಾನಿಲಯಕ್ಕೆ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಮರುವರ್ಷವೇ ಬಂಗಾಳದ ಘೋರ ಕ್ಷಾಮ. ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಎಲ್ಲಿ ಎಷ್ಟು ಅಕ್ಕಿ ಇದೆ, ಎಷ್ಟು ಜನಕ್ಕೆ ಸಾಲದು ಎಂಬುದರ ಅಂಕಿಗಳು ನೆಚ್ಚುವಂತಿರಲಿಲ್ಲವೆಂಬುದು ಆ ಕಾಲದಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಲೆಕ್ಕ ತಪ್ಪಿದರೆ ಕಾಗದ ಮಾತ್ರ ಕೆಡುವುದಿಲ್ಲ, ಜನ ಸಾಯುತ್ತಾರೆ. ರಾಯರು 1944-45ರಲ್ಲಿ ಭಾರತ ಸರ್ಕಾರದ ಅಂಕಿಅಂಶಗಳ ನಿರ್ದೇಶಕರಾಗಿ, ಮುಂದೆ ವಾಷಿಂಗ್ಟನ್ನಿನ ನಮ್ಮ ರಾಯಭಾರ ಕಚೇರಿಯಲ್ಲಿ ಆಹಾರ ಮತ್ತು ಆರ್ಥಿಕ ಸಲಹೆಗಾರರಾಗಿ ದುಡಿದರು. ವಿಶ್ವಸಂಸ್ಥೆಯ ಆರ್ಥಿಕಾಭಿವೃದ್ಧಿಯ ಉಪಸಮಿತಿಗೆ ಅಧ್ಯಕ್ಷರಾಗಿ, ಬಡ ರಾಷ್ಟ್ರಗಳಿಗೆ ಸುಲಭವಾದ ಷರತ್ತುಗಳ ಮೇಲೆ ಬಂಡವಾಳ ಒದಗಿಸುವ ಸಂಸ್ಥೆಯೊಂದು ಬೇಕೆಂದು ಅವರು ಮಂಡಿಸಿದ ವಿಚಾರವನ್ನು ಅಂದು ಶ್ರೀಮಂತ ರಾಷ್ಟ್ರಗಳು ಒಪ್ಪಲಿಲ್ಲ. ಅಂಥದೇ ಧ್ಯೇಯದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆ ವಿಶ್ವಬ್ಯಾಂಕಿನ ಅಂಗವಾಗಿ 1960ರಲ್ಲಿ ಹುಟ್ಟಿತು.

ಸ್ವತಂತ್ರ ಭಾರತದ ಸರ್ಕಾರ 1949ರಲ್ಲಿ ರಾಷ್ಟ್ರೀಯ ವರಮಾನ ಸಮಿತಿಯನ್ನು ನೇಮಿಸಿತು. ಪ್ರೊ. ಪಿ. ಸಿ. ಮಹಾಲನೋಬಿಸ್ ಅಧ್ಯಕ್ಷರು, ಪ್ರೊ. ಡಿ. ಆರ್. ಗಾಡ್ಗೀಳ್ ಮತ್ತು ಡಾ. ರಾವ್ ಸದಸ್ಯರು. ಒಬ್ಬ ಸಂಶೋಧಕ ಗ್ರಂಥಾಲಯದಲ್ಲಿ ಕುಳಿತು ಮಾಡಿದ್ದ ಕೆಲಸ ಈಗ ಸರ್ಕಾರದ ಪ್ರತಿವರ್ಷದ ಕೆಲಸವಾಯಿತು. ಲೆಕ್ಕದಲ್ಲಿ ಎಲ್ಲೆಲ್ಲಿ ತೂತುಗಳಿದ್ದವೋ ಅವನ್ನು ಮುಚ್ಚುವುದಕ್ಕೆ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ದೇಶದ ಎಲ್ಲ ಮನೆಗಳನ್ನೂ ಕೇಳುವುದು ಸಾಧ್ಯವಿಲ್ಲ; ಚೀಟಿ ಎತ್ತಿದಂತೆ ಪಕ್ಷಪಾತವಿಲ್ಲದೆ ಆರಿಸಿದ ಕೆಲವು ಮನೆಗಳನ್ನು ಚೆನ್ನಾಗಿ ಕೇಳಿದರೆ ಉಳಿದ ಮನೆಗಳ ಸ್ಥಿತಿಯನ್ನು ತಕ್ಕಮಟ್ಟಿಗೆ ಊಹಿಸಬಹುದು ಎಂಬುದು ಇದರ ತತ್ತ್ವ. ನಮ್ಮ ತಾಲ್ಲೂಕುಗಳಲ್ಲಿ ಪ್ರತಿವರ್ಷ ನಡೆಯುವ ಬೆಳೆ ಕಟಾವು ಪ್ರಯೋಗವೂ ಇದೇ ಜಾತಿಯದು. ಯಾವ ಸರ್ವೆ ನಂಬರು, ಅದರಲ್ಲಿ ಯಾವ ಮೂಲೆಯಿಂದ ಎಷ್ಟು ಹೆಜ್ಜೆ ಎಂಬುದನ್ನು ಮೊದಲೇ ಚೀಟಿ ಎತ್ತಿದ ರೀತಿಯಲ್ಲಿ ಗೊತ್ತುಮಾಡಿ, ಅಷ್ಟು ಜಾಗಕ್ಕೆ ಹಗ್ಗ ಕಟ್ಟಿ, ಕೊಯ್ದು, ಒಕ್ಕಿ, ತೂಗುತ್ತಾರೆ. ಬೆಳೆ ವಿಮೆಯ ಹಣ ಬರುವುದೂ ಬಾರದಿರುವುದೂ ಆ ತೂಕದ ಮೇಲೆ ನಿಂತಿದೆ. ಆಣೆವಾರಿಯ ಕಣ್ಣಳತೆಯಿಂದ ಈ ತಕ್ಕಡಿಯವರೆಗಿನ ದಾರಿಯೇ ಭಾರತದ ಅಂಕಿಅಂಶಗಳ ಚರಿತ್ರೆಯೆಂದರೂ ಸಲ್ಲುತ್ತದೆ.

ತಕ್ಕಡಿ ಇದ್ದರೆ ಸಾಲದು, ತೂಗುವವರು ಬೇಕು. ತೂಗಿದ್ದನ್ನು ಅರ್ಥಮಾಡಿಕೊಳ್ಳುವವರು ಇನ್ನೂ ಬೇಕು. ರಾಯರ ಜೀವನದ ಎರಡನೆಯ ಅಧ್ಯಾಯ ಇಲ್ಲಿಂದ ಮೊದಲಾಗುತ್ತದೆ. ಅದೇ 1949ರಲ್ಲಿ ಅವರು ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್ ಎಂಬ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ಪಂಡಿತ ನೆಹರೂ ಅವರ ಬೆಂಬಲ ಅದಕ್ಕಿತ್ತು. ಅರ್ಥಶಾಸ್ತ್ರ ಕಲಿಯಲು ಲಂಡನ್ನಿಗೋ ಕೇಂಬ್ರಿಜ್‌ಗೋ ಹೋಗಲೇಬೇಕೆಂಬ ಕಾಲ ಮುಗಿಯಬೇಕು, ಇಲ್ಲಿಯ ಪ್ರಶ್ನೆಗಳಿಗೆ ಇಲ್ಲಿಯೇ ತರಬೇತಾದವರು ಉತ್ತರ ಹುಡುಕಬೇಕು ಎಂಬುದು ಅವರ ಹಂಬಲ. ಕೆ. ಎನ್. ರಾಜ್, ಅಮರ್ತ್ಯ ಸೇನ್, ಜಗದೀಶ್ ಭಗವತಿ, ಮನಮೋಹನ್ ಸಿಂಗ್ ಅವರಂಥ ವಿದ್ವಾಂಸರು ಅಲ್ಲಿ ಅಧ್ಯಾಪನ ಮಾಡಿದರೆಂದರೆ ಆ ಸಂಸ್ಥೆಯ ಹಿರಿಮೆಯನ್ನು ಬೇರೆ ಹೇಳಬೇಕಾದ್ದಿಲ್ಲ. ರಾಯರು 1957ರಿಂದ 1960ರವರೆಗೆ ದೆಹಲಿ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. 1958ರಲ್ಲಿ ಅವರ ನೇತೃತ್ವದಲ್ಲಿ ಆರ್ಥಿಕ ಬೆಳವಣಿಗೆಯ ಅಧ್ಯಯನ ಸಂಸ್ಥೆ ದೆಹಲಿಯಲ್ಲಿ ಕೆಲಸ ಆರಂಭಿಸಿತು. 1961ರಲ್ಲಿ ಭಾರತ ಸರ್ಕಾರ ಆರ್ಥಿಕ ಸಲಹೆಗೆಂದೇ ಭಾರತೀಯ ಆರ್ಥಿಕ ಸೇವೆಯನ್ನು ರಚಿಸಿತು. ಆ ಸೇವೆಗೆ ಆಯ್ಕೆಯಾದ ತರುಣ ಅಧಿಕಾರಿಗಳು ತರಬೇತಿ ಪಡೆಯುವುದು ರಾಯರು ಕಟ್ಟಿದ ಆ ಸಂಸ್ಥೆಯಲ್ಲಿ.

ಅಂಥ ತರಬೇತಿಯಲ್ಲಿ ಕಲಿಸುವುದೇನು ಎಂದು ಸಹಪಾಠಿಗಳು ಕೇಳಬಹುದು. ನಮ್ಮ ಕಡೆಯ ಒಂದು ಉದಾಹರಣೆಯಿಂದ ಹೇಳಲು ಯತ್ನಿಸುತ್ತೇನೆ. ಜಗಳೂರಿನ ಇಪ್ಪತ್ತು ವರ್ಷಗಳ ಮಳೆಯ ಲೆಕ್ಕವನ್ನೂ ಮೆಕ್ಕೆಜೋಳದ ಇಳುವರಿಯ ಲೆಕ್ಕವನ್ನೂ ತೆಗೆದುಕೊಳ್ಳೋಣ. ನಕ್ಷೆಯ ಕಾಗದದ ಮೇಲೆ ವರ್ಷಕ್ಕೊಂದರಂತೆ ಇಪ್ಪತ್ತು ಚುಕ್ಕೆ ಇಡೋಣ. ಚುಕ್ಕೆಗಳ ನಡುವೆ ಹಾಯುವ, ಎಲ್ಲ ಚುಕ್ಕೆಗಳಿಗೂ ಆದಷ್ಟು ಸಮೀಪವಾದ ಗೆರೆಯೊಂದನ್ನು ಎಳೆದರೆ, ಮಳೆ ಇಷ್ಟು ಹೆಚ್ಚಿದಾಗ ಇಳುವರಿ ಸಾಮಾನ್ಯವಾಗಿ ಎಷ್ಟು ಹೆಚ್ಚಿತೆಂದು ಆ ಗೆರೆ ಹೇಳುತ್ತದೆ. ಇಲ್ಲಿಯವರೆಗೆ ಸುಲಭ. ಕಷ್ಟವಿರುವುದು ಮುಂದಕ್ಕೆ. ವರ್ಷದ ಒಟ್ಟು ಮಳೆ ಮುಖ್ಯವೋ, ತೆನೆ ಕಟ್ಟುವ ಕಾಲದ ಮಳೆ ಮುಖ್ಯವೋ? ಮಳೆ ಚೆನ್ನಾಗಿದ್ದ ವರ್ಷ ರೈತ ಗೊಬ್ಬರವನ್ನೂ ಹೆಚ್ಚು ಹಾಕಿದ್ದರೆ, ಇಳುವರಿ ಹೆಚ್ಚಿದ್ದು ಯಾವುದರಿಂದ? ನಡುವೆ ಕೊಳವೆ ಬಾವಿಗಳು ಬಂದಿದ್ದರೆ ಹಳೆಯ ಗೆರೆ ಈಗಲೂ ನಡೆಯುತ್ತದೆಯೇ? ಎರಡು ಸಂಗತಿಗಳು ಜೊತೆಯಾಗಿ ನಡೆದರೆ ಒಂದು ಇನ್ನೊಂದಕ್ಕೆ ಕಾರಣವೆಂದು ತಟ್ಟನೆ ಹೇಳದಿರುವ ಸಂಯಮವನ್ನೇ ಈ ವಿದ್ಯೆ ಮೊದಲು ಕಲಿಸುತ್ತದೆ. ಆಮೇಲೆ ಕೊನೆಯ ನಾಲ್ಕು ವರ್ಷಗಳನ್ನು ಮುಚ್ಚಿಟ್ಟು, ಹಿಂದಿನ ಹದಿನಾರರಿಂದ ಎಳೆದ ಗೆರೆ ಈ ನಾಲ್ಕನ್ನು ಸರಿಯಾಗಿ ಹೇಳುತ್ತದೆಯೇ ಎಂದು ಪರೀಕ್ಷಿಸಬೇಕು. ಈ ಪರೀಕ್ಷೆಯಲ್ಲಿ ಗೆದ್ದ ಗೆರೆಯಿಂದ ಮಾತ್ರ ಮುಂದಿನ ಸುಗ್ಗಿಯ ಮುನ್ನಂದಾಜು ಮಾಡಬಹುದು. ಅದನ್ನೂ ಇಷ್ಟರಿಂದ ಇಷ್ಟರೊಳಗೆ ಎಂದು ಹೇಳಬೇಕೇ ಹೊರತು ಒಂದೇ ಅಂಕಿಯಾಗಿ ಅಲ್ಲ.

ಇದರಿಂದ ಪ್ರಯೋಜನವೇನು? ಸುಗ್ಗಿಗೆ ಎರಡು ತಿಂಗಳು ಮುಂಚೆಯೇ ಇಳುವರಿ ಕುಸಿಯುವುದೆಂದು ತಿಳಿದರೆ ಮೇವಿನ ಏರ್ಪಾಡು ಮಾಡಬಹುದು. ಕುಡಿಯುವ ನೀರಿಗೆ ಹಣ ತೆಗೆದಿಡಬಹುದು. ಹೆಚ್ಚುವುದೆಂದು ತಿಳಿದರೆ ಖರೀದಿ ಕೇಂದ್ರಗಳನ್ನು ಬೇಗ ತೆರೆಯಬಹುದು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಗಿ ಬಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಬರ ಘೋಷಣೆಯೂ ಈಗ ಮಳೆಯ ಕೊರತೆ, ಮಣ್ಣಿನ ತೇವ, ಬಿತ್ತನೆಯಾದ ಪ್ರದೇಶ ಮೊದಲಾದ ಅಂಕಿಗಳ ಮೇಲೆಯೇ ನಡೆಯುತ್ತದೆ. ನಮ್ಮ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂರುವವರನ್ನೇ ನೋಡಿ. ಚನ್ನಗಿರಿಯ ಮಿತ್ರನ ಮನೆಗೆ ಅಡಿಕೆಯ ತೋಟ, ಸೂಳೆಕೆರೆಯ ನೀರು. ಹೊನ್ನಾಳಿಯ ಮಿತ್ರನಿಗೆ ತುಂಗಭದ್ರೆಯ ದಂಡೆಯ ಗದ್ದೆ. ನ್ಯಾಮತಿಯವನಿಗೆ ಒಂದಿಷ್ಟು ತೋಟ, ಒಂದಿಷ್ಟು ಮಳೆಯ ಹೊಲ. ಜಗಳೂರಿನವನಾದ ನನಗೆ ಮುಗಿಲೇ ಗತಿ. ಈ ನಾಲ್ವರ ವರಮಾನವನ್ನು ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಬರುವ ಸರಾಸರಿ ಗಣಿತಕ್ಕೆ ಸರಿ; ಆದರೆ ಆ ಸರಾಸರಿಯಲ್ಲಿ ಬದುಕುವವರು ನಾಲ್ವರಲ್ಲಿ ಒಬ್ಬರೂ ಇಲ್ಲ. ರಾಯರು ಹಳ್ಳಿಯನ್ನೂ ಪಟ್ಟಣವನ್ನೂ ಬೇರೆಮಾಡಿ ತೋರಿಸಿದ್ದರ ಮಹತ್ವ ಇದೇ.

ರಾಯರು ಕೇಂಬ್ರಿಜ್‌ನಲ್ಲಿ ಕಲಿತದ್ದನ್ನು ಕಣ್ಣುಮುಚ್ಚಿ ಒಪ್ಪಿದವರಲ್ಲ ಎಂಬುದಕ್ಕೆ 1952ರಲ್ಲಿ ಅವರು ಪ್ರಕಟಿಸಿದ ಪ್ರಬಂಧವೊಂದು ಸಾಕ್ಷಿ. ಸರ್ಕಾರ ನೂರು ರೂಪಾಯಿ ಖರ್ಚು ಮಾಡಿದರೆ ಅದು ಕೈಯಿಂದ ಕೈಗೆ ಹೋಗಿ ಹಲವು ನೂರು ರೂಪಾಯಿಗಳ ವರಮಾನವನ್ನೂ ಹೊಸ ಉದ್ಯೋಗಗಳನ್ನೂ ಸೃಷ್ಟಿಸುತ್ತದೆಯೆಂಬ ಗುಣಕದ ಸಿದ್ಧಾಂತವನ್ನು ಕೇನ್ಸ್ ಅವರು ಪ್ರಚುರಪಡಿಸಿದ್ದರು. ರಾಯರು ಅದನ್ನು ನಮ್ಮ ಹಳ್ಳಿಗೆ ತಂದು ನಿಲ್ಲಿಸಿ ನೋಡಿದರು. ಇಂಗ್ಲೆಂಡಿನಲ್ಲಿ ಕಾರ್ಖಾನೆಗಳು ಸುಮ್ಮನೆ ನಿಂತಿದ್ದವು. ಬೇಡಿಕೆ ಬಂದೊಡನೆ ಯಂತ್ರ ತಿರುಗಿತು, ಸರಕು ಹೊರಬಂತು. ಇಲ್ಲಿ ನಿಂತಿರುವುದು ಯಂತ್ರವಲ್ಲ. ಮೂವರು ಮಾಡಬಹುದಾದ ಹೊಲದ ಕೆಲಸವನ್ನು ಐವರು ಹಂಚಿಕೊಂಡು ಮಾಡುತ್ತಾರೆ. ಹೊರಗಿನಿಂದ ನೋಡಿದರೆ ಯಾರೂ ನಿರುದ್ಯೋಗಿಗಳಲ್ಲ. ಕೈಗೆ ಹಣ ಬಂದರೆ ಮೊದಲು ಕೊಳ್ಳುವುದು ಅನ್ನವನ್ನು. ಆದರೆ ಬೇಡಿಕೆ ಬಂತೆಂದು ಗದ್ದೆ ಮರುದಿನವೇ ಹೆಚ್ಚು ಭತ್ತ ಕೊಡುವುದಿಲ್ಲ. ಬೆಳೆದವನೂ ತನ್ನ ಕೈಗೆ ಹಣ ಹೆಚ್ಚಿದಾಗ ಸಂತೆಗೆ ತರುವುದನ್ನು ಕಡಿಮೆ ಮಾಡಿ ತಾನೇ ಎರಡು ತುತ್ತು ಹೆಚ್ಚು ಉಣ್ಣುತ್ತಾನೆ. ಆದ್ದರಿಂದ ರೂಪಾಯಿಯ ಲೆಕ್ಕದಲ್ಲಿ ವರಮಾನ ಹೆಚ್ಚಿದಂತೆ ಕಂಡರೂ ಬೆಲೆಗಳು ಏರುತ್ತವೆಯೇ ಹೊರತು ನಿಜವಾದ ಉತ್ಪನ್ನ ಅಷ್ಟು ಹೆಚ್ಚುವುದಿಲ್ಲವೆಂದು ಅವರು ವಾದಿಸಿದರು. ಎಲ್ಲ ಅರ್ಥಶಾಸ್ತ್ರಜ್ಞರೂ ಇದನ್ನು ಪೂರ್ತಿಯಾಗಿ ಒಪ್ಪಿದರೆಂದಲ್ಲ. ಆದರೆ ಬೇರೆ ದೇಶದ ಸೂತ್ರವನ್ನು ನಮ್ಮ ನೆಲದಲ್ಲಿ ಪರೀಕ್ಷಿಸದೆ ನೀತಿಯಾಗಿ ಜಾರಿಗೆ ತರಬಾರದೆಂಬ ಎಚ್ಚರ ಅಂದಿಗೂ ಇಂದಿಗೂ ಬೇಕಾದದ್ದೇ.

1963ರಿಂದ 1966ರವರೆಗೆ ರಾಯರು ಯೋಜನಾ ಆಯೋಗದ ಸದಸ್ಯರಾಗಿದ್ದರು. 1967ರ ಚುನಾವಣೆಯಲ್ಲಿ ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. 1971ರಲ್ಲಿ ಅಲ್ಲಿಂದಲೇ ಮರಳಿ ಆಯ್ಕೆಯಾದರು. ನಮ್ಮ ಜಗಳೂರು ತಾಲ್ಲೂಕಿನ ಗಡಿ ದಾಟಿದರೆ ಅಂದಿನ ಬಳ್ಳಾರಿ ಜಿಲ್ಲೆ. ಅದೇ ಮಳೆ, ಅದೇ ಬೆಳೆ, ಅದೇ ಬಡತನ. ಲೆಕ್ಕದಲ್ಲಿ ಕಂಡಿದ್ದ ಬಡವರ ಬಳಿಗೆ ಅವರು ಮತ ಕೇಳಲು ಬರಬೇಕಾದದ್ದು ನನಗೆ ಅರ್ಥಪೂರ್ಣವಾಗಿ ತೋರುತ್ತದೆ. ಕೇಂದ್ರದಲ್ಲಿ ಮೊದಲು ಸಾರಿಗೆ ಮತ್ತು ನೌಕಾಯಾನ ಖಾತೆಯನ್ನೂ, 1969ರಿಂದ 1971ರವರೆಗೆ ಶಿಕ್ಷಣ ಖಾತೆಯನ್ನೂ ಅವರು ವಹಿಸಿಕೊಂಡಿದ್ದರು. ಸಮಾಜಶಾಸ್ತ್ರಗಳ ಸಂಶೋಧನೆಗೆ ನೆರವಾಗುವ ಅಖಿಲ ಭಾರತ ಪರಿಷತ್ತು ರೂಪುಗೊಂಡದ್ದು ಆ 1969ರಲ್ಲಿಯೇ. ಆ ವರ್ಷದ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮಶತಾಬ್ದಿಯ ಸಂದರ್ಭದಲ್ಲಿ, 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಉದ್ಘಾಟಿಸಿದ ಶಿಕ್ಷಣ ಮಂತ್ರಿಗಳು ಬೇರಾರೂ ಅಲ್ಲ, ಡಾ. ರಾವ್ ಅವರೇ. ಪ್ರತಿವರ್ಷ ನಾವು ಆ ದಿನವನ್ನು ಆಚರಿಸುತ್ತೇವೆ; ಆದರೆ ಅದರ ಹಿಂದಿದ್ದವರು ಪಠ್ಯಪುಸ್ತಕದ 62 ರೂಪಾಯಿಯವರೇ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಗೂ ರಾಷ್ಟ್ರೀಯ ಸೇವಾ ಯೋಜನೆಗೂ ಇಂಗ್ಲಿಷಿನಲ್ಲಿ ಎನ್.ಎಸ್.ಎಸ್. ಎಂಬ ಮೂರೇ ಅಕ್ಷರಗಳು. ಇದು ಆಕಸ್ಮಿಕವಿರಬಹುದು. ಆದರೆ ಜನರ ಮನೆಬಾಗಿಲಿಗೆ ಹೋಗದೆ ಲೆಕ್ಕವೂ ಆಗದು, ಸೇವೆಯೂ ಆಗದು ಎಂಬ ಸತ್ಯ ಆಕಸ್ಮಿಕವಲ್ಲ.

ಇಲ್ಲಿ ಇನ್ನೊಬ್ಬ ರಾಯರನ್ನು ನೆನೆಯದೆ ಮುಂದುವರಿಯಲಾರೆ. ಪ್ರಪಂಚದ ಸಂಖ್ಯಾಶಾಸ್ತ್ರಜ್ಞರಲ್ಲಿ ಅಗ್ರಗಣ್ಯರಾದ ಡಾ. ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ನಮಗೆ ದೂರವಲ್ಲದ ಹೂವಿನಹಡಗಲಿಯಲ್ಲಿ. ಕಲ್ಕತ್ತೆಯ ಮಹಾಲನೋಬಿಸರ ಸಂಸ್ಥೆಯಲ್ಲಿ ತರಬೇತಿ ಪಡೆದ ಅವರು 1945ರಲ್ಲಿ, ಯಾವುದೇ ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಲ್ಲದು ಎಂಬುದಕ್ಕೆ ಒಂದು ಎಲ್ಲೆಯನ್ನು ಗಣಿತದಿಂದ ತೋರಿಸಿಕೊಟ್ಟರು. ಅರ್ಥಮಿತಿಯ ಪಾಠಗಳಲ್ಲಿ ಇಂದಿಗೂ ಅವರ ಹೆಸರು ಬರುತ್ತದೆ. 2023ರಲ್ಲಿ, ನೂರು ವರ್ಷ ದಾಟಿದ ಮೇಲೆ ಅವರು ತೀರಿಕೊಂಡರು. ಇಂಥ ವಿದ್ಯೆ ದೂರದ ಮಹಾನಗರಗಳಲ್ಲಿ ಹುಟ್ಟಿದವರಿಗೇ ಮೀಸಲೆಂದು ತಿಳಿದಿರುವವರು ಹಡಗಲಿಯನ್ನು ನೆನೆಯಬೇಕು.

ಅಧಿಕಾರವನ್ನು ಬಿಟ್ಟ ಮೇಲೆ ರಾಯರು ವಿಶ್ರಾಂತಿಯನ್ನು ಬಯಸಲಿಲ್ಲ. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿ ಅದರ ಮೊದಲ ನಿರ್ದೇಶಕರಾದರು. ದೆಹಲಿಯ ಎರಡು ಸಂಸ್ಥೆಗಳ ಬಳಿಕ ಇದು ಮೂರನೆಯದು. ನಾಗರಭಾವಿಯಲ್ಲಿ ಇಂದಿಗೂ ನಡೆಯುತ್ತಿರುವ ಆ ಸಂಸ್ಥೆಯಲ್ಲಿ ಬೇಸಾಯ, ಜನಸಂಖ್ಯೆ, ಗ್ರಾಮೀಣ ಬದುಕು ಮೊದಲಾದ ವಿಷಯಗಳ ಸಂಶೋಧನೆಯೂ ಯುವ ಸಂಶೋಧಕರ ತರಬೇತಿಯೂ ನಡೆಯುತ್ತವೆ. 1974ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ದೊರೆಯಿತು. ಅವರು ನಿಧನರಾದದ್ದು 1991ರ ಜುಲೈ ತಿಂಗಳಲ್ಲಿ. ಅವರು ಕಟ್ಟಿದ ದೆಹಲಿಯ ಶಾಲೆಯಲ್ಲಿ ಹಿಂದೆ ಪ್ರಾಧ್ಯಾಪಕರಾಗಿದ್ದ ಮನಮೋಹನ್ ಸಿಂಗ್ ಅವರು ದೇಶದ ಆರ್ಥಿಕ ನೀತಿಯ ದಿಕ್ಕನ್ನೇ ಬದಲಿಸಿದ ಆಯವ್ಯಯವನ್ನು ಮಂಡಿಸಿದ್ದೂ ಅದೇ ತಿಂಗಳಲ್ಲಿ. ಯೋಜನೆಯ ಯುಗದ ಅರ್ಥಶಾಸ್ತ್ರಜ್ಞರು ಕಣ್ಮುಚ್ಚಿದ ಹೊತ್ತಿಗೆ ಯೋಜನೆಯ ಯುಗವೂ ಮುಗಿಯುತ್ತ ಬಂದಿತ್ತು. ಆದರೆ ನೀತಿ ಯಾವುದೇ ಆಗಲಿ, ಅದರ ಫಲವೇನೆಂದು ಅಳೆಯುವ ಕೆಲಸ ಮಾತ್ರ ಮುಗಿಯುವಂಥದಲ್ಲ.

ರಾಯರ ಲೆಕ್ಕದಲ್ಲಿ ಎಲ್ಲವೂ ಸೇರಿತ್ತೆಂದು ಹೇಳಲಾಗದು. ಅಡುಗೆ ಮಾಡುವ, ನೀರು ತರುವ, ಮಕ್ಕಳನ್ನು ಸಾಕುವ ನಮ್ಮ ತಾಯಂದಿರ ದುಡಿಮೆ ರಾಷ್ಟ್ರೀಯ ವರಮಾನದಲ್ಲಿ ಆಗಲೂ ಸೇರಲಿಲ್ಲ, ಈಗಲೂ ಸೇರುವುದಿಲ್ಲ. ಸಮೀಕ್ಷೆಯ ದಿನ ಆ ಅಜ್ಜಿಯ ಸೊಸೆ ನಾವಿದ್ದಷ್ಟು ಹೊತ್ತೂ ಕೆಲಸ ಮಾಡುತ್ತಲೇ ಇದ್ದರು. ನಮ್ಮ ನಮೂನೆಯಲ್ಲಿ ಅದಕ್ಕೆ ಒಂದು ಕಾಲಮ್ಮೂ ಇರಲಿಲ್ಲ. ಅಂಥ ಕಾಲಮ್ಮನ್ನು ಸೇರಿಸುವ ವಿಧಾನ ಹುಡುಕುವುದು ಇನ್ನು ಮುಂದಿನವರ ಕೆಲಸ. ಒಬ್ಬ ವಿದ್ವಾಂಸರು ಉಳಿಸಿಹೋದ ಕೆಲಸವೂ ಅವರ ಕೊಡುಗೆಯೇ.

ಈ ವರ್ಷ ಪದವಿ ಮುಗಿಸುವ ನಮ್ಮಲ್ಲಿ ಹೆಚ್ಚಿನವರ ಮುಂದೆ ಒಂದು ಪ್ರಶ್ನೆ ನಿಂತಿದೆ. ಮನೆಯವರು ಬೇಗ ಒಂದು ಸಂಬಳ ಬರಲಿ ಎನ್ನುತ್ತಾರೆ; ಅದು ಅವರ ತಪ್ಪಲ್ಲ. ನನ್ನ ಮನೆಯಲ್ಲಿಯೂ ಆ ಮಾತು ನಡೆದಿದೆ. ಎಂ.ಎ. ಓದಬೇಕೆಂಬುದು ನನ್ನ ಆಸೆ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಇಲ್ಲದೆ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಕೂರುವಂತಿಲ್ಲ. ಎರಡು ವರ್ಷದ ಓದು ಎಂದರೆ ಎರಡು ವರ್ಷದ ಸಂಬಳದ ನಷ್ಟ. ಈ ಲೆಕ್ಕವನ್ನು ಅಪ್ಪನಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಇನ್ನೊಂದು ಲೆಕ್ಕವೂ ಉಂಟು. ಮಳೆಯನ್ನು ನಂಬಿದ ಹೊಲದ ಆದಾಯ ಏನೆಂದು ಬಲ್ಲವರು ಲೆಕ್ಕ ಮಾಡುವ ಕೊಠಡಿಯಲ್ಲಿ ಇಲ್ಲದಿದ್ದರೆ, ಆ ಹೊಲಕ್ಕೆ ಬೇಕಾದ ನೀತಿಯನ್ನು ಬೇರೆಯವರು ತಮಗೆ ತೋಚಿದಂತೆ ಮಾಡುತ್ತಾರೆ. ಅಂಥ ಕೊಠಡಿಗಳ ಬಾಗಿಲನ್ನು ಈ ದೇಶದ ಮಕ್ಕಳಿಗೆ ತೆರೆಯಲೆಂದೇ ರಾಯರು ಮೂರು ಸಂಸ್ಥೆಗಳನ್ನು ಕಟ್ಟಿದರು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ನನ್ನ ಕಿರಿಯ ಮಿತ್ರರು ಅಂಕಿಗಳನ್ನು ಕಂಡು ಅಂಜದಿರಲಿ. ಸಂಖ್ಯಾಶಾಸ್ತ್ರದ ಪಾಠವನ್ನು ಪರೀಕ್ಷೆಗೆಂದು ಓದಿ ಕೈಬಿಡದಿರಲಿ. ತಮ್ಮ ಊರಿನ ಒಂದು ಬೀದಿಯ ಲೆಕ್ಕವನ್ನಾದರೂ ಒಮ್ಮೆ ತಾವೇ ಬರೆದು ನೋಡಲಿ. ಡಾ. ವಿ. ಕೆ. ಆರ್. ವಿ. ರಾಯರಿಗೆ ನಾವು ಸಲ್ಲಿಸಬಹುದಾದ ಗೌರವ ಅದಕ್ಕಿಂತ ದೊಡ್ಡದಿರಲಾರದು.